ಶಾಲೆ ಮುಚ್ಚಿದ ನಲವತ್ತೆಂಟು ದಿನ



ಬೇಸಿಗೆ ಶಿಬಿರಗಳ ಕರಪತ್ರಗಳು ನಮ್ಮ ಕಚೇರಿಗೆ ಬರತೊಡಗಿವೆ. ಮಠಗಳಿಂದ, ಬಸವ ಬಳಗಗಳಿಂದ, ಅಕ್ಕನ ಬಳಗಗಳಿಂದ ಬಂದ ಅವೆಲ್ಲವನ್ನೂ ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಪ್ರಕಟಿಸಿದ್ದೇವೆ. ಆದರೆ ಅವುಗಳ ಜೊತೆಗೆ, ಕಳೆದ ವರ್ಷ ನಾನೇ ಮುಂದೆ ನಿಂತು ನಡೆಸಿದ ಒಂದು ಶಿಬಿರದ ಲೆಕ್ಕವನ್ನು ತಮ್ಮ ಮುಂದೆ ಒಪ್ಪಿಸುವುದು ನನ್ನ ಪಾಲಿಗೆ ಬಾಕಿ ಉಳಿದಿದೆ. ಹಣದ ಲೆಕ್ಕ ಅದರಲ್ಲಿ ಸಣ್ಣದು.

ನಾನಿರುವುದು ಬೆಂಗಳೂರಿನ ದಕ್ಷಿಣದ ಅಂಚಿನ ಸುಬ್ರಹ್ಮಣ್ಯಪುರದಲ್ಲಿ. ಒಂದು ಕಡೆ ಉತ್ತರಹಳ್ಳಿ, ಇನ್ನೊಂದು ಕಡೆ ವಸಂತಪುರ, ಕೋಣನಕುಂಟೆ. ಆಚೆಗೆ ತುರಹಳ್ಳಿ ಕಾಡು. ನಾನು ಇಲ್ಲಿಗೆ ಬಂದಾಗ ರಾಗಿ ಹೊಲಗಳಿದ್ದವು, ಕೆರೆಗೆ ಕೆರೆಯ ಅಗಲವಿತ್ತು. 2021ರ ಜನವರಿಯಲ್ಲಿ ಕನಕಪುರ ರಸ್ತೆಯಲ್ಲಿ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಓಡತೊಡಗಿದ ಮೇಲಂತೂ ಖಾಲಿ ನಿವೇಶನ ಎಂಬುದೇ ಕಣ್ಣಿಗೆ ಬೀಳದಂತಾಗಿದೆ. ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು, ಅದರ ಪಕ್ಕದಲ್ಲಿ ಅದನ್ನು ಕಟ್ಟುವವರ ತಗಡಿನ ಶೆಡ್ಡು. ಶೆಡ್ಡಿನಲ್ಲಿರುವವರು ಬಹುಪಾಲು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಅಲ್ಲಮ, ಬಸವಣ್ಣ, ಅಕ್ಕ ಎಂದರೆ ನಮಗಿಂತ ಮೊದಲು ಕೈ ಮುಗಿಯುವ ಜನ.

ಕಳೆದ ವರ್ಷ ಏಪ್ರಿಲ್ 21ರಿಂದ 30ರವರೆಗೆ, ಬಸವ ಜಯಂತಿಯ ದಿನ ಮುಕ್ತಾಯವಾಗುವಂತೆ, ನಮ್ಮ ಬಡಾವಣೆಯ ಶರಣ ಬಂಧುಗಳು ಸೇರಿ ಹತ್ತು ದಿನದ ಶಿಬಿರ ಮಾಡಿದೆವು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ. ವಚನ ಗಾಯನ, ವಚನ ಕಂಠಪಾಠ, ಯೋಗ, ಮಣ್ಣಿನ ಆಟಿಕೆ, ಚಿಕ್ಕದೊಂದು ನಾಟಕ. ಶುಲ್ಕ 1,500 ರೂಪಾಯಿ. 62 ಮಕ್ಕಳು ಸೇರಿದರು. ಇನ್ನೂ ಬರುವವರಿದ್ದರು, ಜಾಗವಿಲ್ಲವೆಂದು ನಿಲ್ಲಿಸಿದೆವು. ಶಿಬಿರ ಚೆನ್ನಾಗಿಯೇ ನಡೆಯಿತು, ಅದರಲ್ಲಿ ಎರಡು ಮಾತಿಲ್ಲ. ಬಂದ ಮಕ್ಕಳು ಖುಷಿಪಟ್ಟರು, ತಾಯಂದಿರಿಗೆ ಹತ್ತು ದಿನ ಉಸಿರು ಬಿಡಲು ಪುರುಸೊತ್ತು ಸಿಕ್ಕಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಗೇಟಿನ ಬಳಿ ಒಬ್ಬ ಹುಡುಗ ತಂಗಿಯನ್ನು ಕರೆದುಕೊಂಡು ನಿಂತಿದ್ದ. ಹದಿನಾರು ವರ್ಷ ಇರಬಹುದು. ಅಂಗಿಯ ಮೇಲೆಲ್ಲ ಟೈಲ್ಸ್ ಕತ್ತರಿಸಿದ ಬಿಳಿ ಧೂಳು. ಒಳಗೆ ಮಕ್ಕಳು ವಚನ ಹಾಡುತ್ತಿದ್ದರು. ಆ ಹುಡುಗಿ ಹೊರಗೆ ನಿಂತೇ ತುಟಿ ಆಡಿಸುತ್ತಿದ್ದಳು, ಒಂದು ಅಕ್ಷರ ತಪ್ಪದೆ. ನಮ್ಮ ಕಾರ್ಯಕರ್ತರೊಬ್ಬರು ಹೋಗಿ, "ಹೆಸರು ಬರೆಸಿದ್ದೀರಾ?" ಎಂದು ಕೇಳಿದರು. ಹುಡುಗ ಇಲ್ಲವೆಂದು ತಲೆಯಾಡಿಸಿದ. ಹುಡುಗಿ ಮಾತ್ರ ಬಿಡಲಿಲ್ಲ. "ನಾನೂ ಬರಬಹುದೇನ್ರಿ? ನನಗ ಇದು ಬರ್ತದ್ರಿ" ಅಂದಳು. ಕಾರ್ಯಕರ್ತರು ನನ್ನ ಮುಖ ನೋಡಿದರು. ಜಾಗವಿಲ್ಲ ಎಂದು ಎರಡು ದಿನದ ಹಿಂದಷ್ಟೇ ದುಡ್ಡು ಕೊಡುವವರನ್ನು ವಾಪಸು ಕಳಿಸಿದ್ದೆವು. ನಾನು, "ನಾಳೆ ನೋಡೋಣವ್ವ" ಅಂದೆ.

ಆ "ನಾಳೆ ನೋಡೋಣ" ಎಂಬ ಮಾತು ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಮರುದಿನ ಹುಡುಗಿಯನ್ನು ಸೇರಿಸಿಕೊಂಡೆವು ಎಂಬುದು ನಿಜ. ಹಾಗೆಂದು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಅವಳಿದ್ದ ಶೆಡ್ಡುಗಳ ಸಾಲಿನಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದರು. ಅವರು ಗೇಟಿನವರೆಗೂ ಬಂದಿರಲಿಲ್ಲ, ಅಷ್ಟೆ.

ನಮ್ಮ ಅರ್ಜಿ ನಮೂನೆಯಲ್ಲಿ ಹೆಸರು, ವಯಸ್ಸು, ಶಾಲೆ, ರಕ್ತದ ಗುಂಪು ಆದ ಮೇಲೆ "ಉಪಪಂಗಡ" ಎಂಬ ಒಂದು ಕಲಂ ಇತ್ತು. ಯಾರೋ ಹಳೆಯ ವಧೂವರರ ಮಾಹಿತಿ ನಮೂನೆಯಿಂದ ನಕಲು ಮಾಡಿದ್ದರಂತೆ. ಮುದ್ರಣಕ್ಕೆ ಹೋಗುವ ಮೊದಲು ಕರಡು ನೋಡಿದವನು ನಾನು. ಜಾತಿ ಕೇಳಬೇಡಿ ಎಂದು ಈ ಪುಟದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಕಲಂ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹುಡುಗಿಯ ಅರ್ಜಿ ತುಂಬುವಾಗ ಅವಳ ಅಪ್ಪ ಆ ಕಲಂ ಮೇಲೆ ಬೆರಳಿಟ್ಟು, "ಇದಕ್ಕ ಏನ್ ಬರೀಬೇಕ್ರಿ ಅಣ್ಣಾರ?" ಎಂದು ಕೇಳಿದಾಗಲೇ ನಾನದನ್ನು ಓದಿದ್ದು.

ಇನ್ನು ಅಣ್ಣನ ವಿಷಯ. ಅವನನ್ನು ಸೇರಿಸಿಕೊಳ್ಳುವ ಪ್ರಶ್ನೆಯೇ ಏಳಲಿಲ್ಲ. ನಮ್ಮ ಶಿಬಿರ ಹನ್ನೆರಡು ವರ್ಷಕ್ಕೆ ಮುಗಿಯುತ್ತದೆ. ಅವನು ಸುರಪುರ ತಾಲ್ಲೂಕಿನಲ್ಲಿ ಅಜ್ಜಿಯ ಹತ್ತಿರ ಇದ್ದುಕೊಂಡು ಎಸ್ಸೆಸ್ಸೆಲ್ಸಿ ಓದಿದ್ದ. ಪರೀಕ್ಷೆ ಮುಗಿದ ವಾರಕ್ಕೇ ಬೆಂಗಳೂರಿನ ಬಸ್ಸು ಹತ್ತಿ, ತಂದೆತಾಯಿ ಕೆಲಸ ಮಾಡುವ ಕಟ್ಟಡದಲ್ಲಿ ಟೈಲ್ಸ್ ಹೊರುವ ಕೆಲಸಕ್ಕೆ ಸೇರಿದ್ದ. ನಮ್ಮ ಮನೆಯ ಮಕ್ಕಳಿಗೆ ಏಪ್ರಿಲ್ ಎಂದರೆ ರಜೆ. ಅವನಿಗೆ ರಜೆ ಎಂದರೆ ಕೂಲಿಯ ಹಂಗಾಮು.

ಏಪ್ರಿಲ್ 30ಕ್ಕೆ ನಮ್ಮ ಸಮಾರೋಪ. ಬಸವಣ್ಣನವರ ಭಾವಚಿತ್ರದ ಮೆರವಣಿಗೆ, ಪ್ರಮಾಣಪತ್ರ, ಶಾಲು, ಹಾರ, ಭಾಷಣ, ಪ್ರಸಾದ. ಮೇ 2ಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ರಾಜ್ಯದ ಉತ್ತೀರ್ಣ ಪ್ರಮಾಣ ಶೇ 66.14. ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲ ಸ್ಥಾನದಲ್ಲಿ, ಕಲಬುರಗಿ ಶೇ 42.43 ಪಡೆದು ಕೊನೆಯ ಸ್ಥಾನದಲ್ಲಿ. ಕಲ್ಯಾಣ ಎಂಬ ಹೆಸರನ್ನು ಹೊತ್ತ ಪ್ರದೇಶದ ಒಂದು ಜಿಲ್ಲೆಯಲ್ಲಿ ನೂರು ಮಕ್ಕಳು ಪರೀಕ್ಷೆಗೆ ಕುಳಿತರೆ ಐವತ್ತೇಳು ಮಕ್ಕಳು ನಪಾಸು. ಆ ಹುಡುಗ ಸಂಜೆ ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಸರ, ಇದು ಸ್ವಲ್ಪ ನೋಡ್ರಿ" ಅಂದ. ಗಣಿತ, ಇಂಗ್ಲಿಷ್ ಎರಡೂ ಹೋಗಿದ್ದವು. ಉಳಿದ ನಾಲ್ಕರಲ್ಲಿ ಪಾಸು. ಕನ್ನಡದಲ್ಲಂತೂ ಒಳ್ಳೆಯ ಅಂಕ.

ಕಳೆದ ವರ್ಷ ಸರ್ಕಾರ ಮೂರು ಪರೀಕ್ಷೆ ಇಟ್ಟಿತ್ತು. 2024ರಲ್ಲಿ ಶುರುವಾದ ಪದ್ಧತಿ ಅದು. ಎರಡನೆಯ ಪರೀಕ್ಷೆ ಮೇ 26ರಿಂದ ಇತ್ತು. ಅಂದರೆ ಅವನ ಕೈಯಲ್ಲಿ ಇಪ್ಪತ್ತನಾಲ್ಕು ದಿನ. ಆ ಇಪ್ಪತ್ತನಾಲ್ಕು ದಿನ ಸುಬ್ರಹ್ಮಣ್ಯಪುರದಲ್ಲಿ ನಮ್ಮ ಸಭಾಂಗಣ ಬೀಗ ಹಾಕಿಕೊಂಡು ಕುಳಿತಿತ್ತು. ಕುರ್ಚಿಗಳಿದ್ದವು, ಫ್ಯಾನಿತ್ತು, ನೀರಿತ್ತು. ಅಡುಗೆ ಮನೆಯಲ್ಲಿ ಶಿಬಿರಕ್ಕೆಂದು ತಂದ ಅಕ್ಕಿ, ಬೇಳೆ ಉಳಿದಿತ್ತು. ನಮ್ಮ ಬಳಗದಲ್ಲಿ ನಿವೃತ್ತ ಶಿಕ್ಷಕರು ಐವರಿದ್ದಾರೆ, ಎಂಜಿನಿಯರುಗಳನ್ನು ಎಣಿಸುವುದು ಬೇಡ. ನಿಜವಾಗಿ ಬೇಕಾದ ದಿನ ಬರುವುದಕ್ಕೆ ಎರಡು ದಿನ ಮೊದಲೇ ನಾವು ಬಸವಣ್ಣನವರಿಗೆ ಮಂಗಳಾರತಿ ಮಾಡಿ ಮನೆಗೆ ಹೋಗಿದ್ದೆವು.

ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿ ಹಾಕಿಕೊಟ್ಟವರು ಹರ್ಡೇಕರ್ ಮಂಜಪ್ಪನವರು. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ, ಮೃತ್ಯುಂಜಯ ಅಪ್ಪಗಳ ಬೆಂಬಲದಲ್ಲಿ. ಖಾದಿ ಉಟ್ಟು, ಊರೂರು ತಿರುಗಿ, ಹರೆಯದ ಹುಡುಗರನ್ನು ಕೂಡಿಸಿಕೊಂಡು ಬದುಕು ಸವೆಸಿದ ಮನುಷ್ಯ. ಜಯಂತಿ ಎಂದರೆ ಅವರಿಗೆ ಕೆಲಸದ ಆರಂಭ. ನಾವು ಅದನ್ನು ಶಿಬಿರದ ಸಮಾರೋಪಕ್ಕೆ ಅನುಕೂಲವಾದ ಒಂದು ದಿನಾಂಕ ಮಾಡಿಕೊಂಡಿದ್ದೇವೆ.

ನಮ್ಮ ಹಿರಿಯರು ಕಟ್ಟಿದ್ದನ್ನು ನೋಡಿದರೆ, ಅವರೆಲ್ಲ ಕೈ ಹಿಡಿದದ್ದು ಈ ಹುಡುಗನ ವಯಸ್ಸಿನವರನ್ನೇ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಎದುರು ಛತ್ರ ಕಟ್ಟಿಸಿದರು. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ಉಚಿತ ವಿದ್ಯಾರ್ಥಿ ನಿಲಯ ತೆರೆದರು. ಅವರು ವ್ಯಾಪಾರಿ, ಎಲ್ಲಿ ಏನು ಕೊರತೆ ಇದೆ ಎಂದು ನೋಡಿ ಅಲ್ಲಿಗೆ ಅದನ್ನು ಒದಗಿಸುವುದು ಗೊತ್ತಿತ್ತು. ಶಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಇಡೀ ಆಸ್ತಿಯನ್ನು ವಿದ್ಯಾರ್ಥಿಗಳ ಹೆಸರಿಗೆ ಬರೆದಿಟ್ಟರು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಸಿದ್ಧಗಂಗೆಯ ಬಗ್ಗೆ ತಮಗೆ ನಾನು ಹೇಳಬೇಕಾಗಿಲ್ಲ. 2019ರ ಜನವರಿ 21ರಂದು ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ ಮಠದ ಆಶ್ರಯದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿದ್ದರು. ಅವರಲ್ಲಿ ಎಲ್ಲ ಜಾತಿಯವರಿದ್ದರು, ಮುಸ್ಲಿಂ ಮಕ್ಕಳೂ ಇದ್ದರು.

ಪೇಟೆಯಲ್ಲಿ ಶಾಲೆ ಇದೆ, ಹಳ್ಳಿಯ ಹುಡುಗನಿಗೆ ಅಲ್ಲಿ ಉಳಿಯಲು ಜಾಗವಿಲ್ಲ, ಉಣ್ಣಲು ಅನ್ನವಿಲ್ಲ. ಆ ಕಾಲದ ಅಡ್ಡಿ ಅದು. ಅದಕ್ಕೆ ಪ್ರಸಾದ ನಿಲಯ ಉತ್ತರವಾಯಿತು. ನಾನೂ ಅಂಥ ಒಂದು ನಿಲಯದ ಸಾಲಿನಲ್ಲಿ ತಟ್ಟೆ ಹಿಡಿದು ಕುಳಿತು ಓದಿದವನು. ಆ ಅನ್ನದ ಋಣದಿಂದಲೇ ಈ ಪತ್ರಿಕೆ ಮಾಡುತ್ತಿದ್ದೇನೆ. ಆಗ ನಾವು ಮಠ ಇದ್ದಲ್ಲಿಗೆ ಹೋಗುತ್ತಿದ್ದೆವು. ಈಗ ಅದೇ ಹಳ್ಳಿಯ ಹುಡುಗ ಭಕ್ತರು ಇರುವಲ್ಲಿಗೇ ಬಂದಿದ್ದಾನೆ, ನಮ್ಮ ಕಾಂಪೌಂಡಿನ ಪಕ್ಕದಲ್ಲೇ ಇದ್ದಾನೆ. ಅವನಿಗೆ ಅಡ್ಡಿಯಾಗಿರುವುದು ಬೇರೆ. ನಪಾಸಾದ ಎರಡು ವಿಷಯ, ಕಚೇರಿಯಿಂದ ಕಚೇರಿಗೆ ಅಲೆಸುವ ಕಾಗದಪತ್ರ, ಮತ್ತು ದಿನಕ್ಕೆ ಏಳೆಂಟು ನೂರು ರೂಪಾಯಿ ಕೂಲಿ. ಮೂರನೆಯದೇ ಬಲವಾದದ್ದು. ಹದಿನಾರರ ಹುಡುಗನ ಕೈಗೆ ಶನಿವಾರ ಸಂಜೆ ನಾಲ್ಕು ಸಾವಿರ ಬಂದರೆ ಜೂನ್ ತಿಂಗಳಲ್ಲಿ ಶಾಲೆಯ ನೆನಪಾಗುವುದು ಕಷ್ಟ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆ ನಾಲ್ಕು ಸಾವಿರದಲ್ಲಿ ಮೂರು ಸಾವಿರ ಊರಿನ ಸಾಲಕ್ಕೆ ಹೋಗುತ್ತದೆ.

ಊಟದ ಮಾತು. ಏಪ್ರಿಲ್ 11ರಿಂದ ಮೇ 28ರವರೆಗೆ ನಮ್ಮ ಸರ್ಕಾರಿ ಶಾಲೆಗಳಿಗೆ ರಜೆ, ನಲವತ್ತೆಂಟು ದಿನ. ಶಾಲೆಗೆ ರಜೆ ಎಂದರೆ ಬಿಸಿಯೂಟಕ್ಕೂ ರಜೆ. ಬರ ಬಿದ್ದ ಕಡೆ ಬೇಸಿಗೆಯಲ್ಲೂ ಬಿಸಿಯೂಟ ಕೊಡಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಬರದ ಬೇಸಿಗೆಯಲ್ಲಿ ನಮ್ಮ ಸರ್ಕಾರ ಬರಪೀಡಿತ ತಾಲ್ಲೂಕುಗಳಲ್ಲಿ ಕೊಟ್ಟಿತು ಕೂಡ. ಮಳೆ ಬಂದ ವರ್ಷ ಅದಿಲ್ಲ. ಮಳೆ ಬಂದರೆ ಬೆಳೆ ಬಂದೀತು, ಆದರೆ ಸುಬ್ರಹ್ಮಣ್ಯಪುರದ ಶೆಡ್ಡಿನಲ್ಲಿರುವ ಹುಡುಗಿಗೆ ಅದರಿಂದ ಮಧ್ಯಾಹ್ನದ ಊಟ ಬರುವುದಿಲ್ಲ. ತಾಯಿ ಬೆಳಿಗ್ಗೆ ಆರಕ್ಕೆ ರೊಟ್ಟಿ ತಟ್ಟಿ ಕೆಲಸಕ್ಕೆ ಹೋದರೆ ಮತ್ತೆ ಒಲೆ ಹೊತ್ತುವುದು ಸಂಜೆ. ನಮ್ಮ ಶಿಬಿರದಲ್ಲಿ ಹತ್ತೂ ದಿನ ಮಕ್ಕಳ ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ಬಿಸ್ಕತ್ತು, ಚಿಪ್ಸು ತಿಂದು ಬಂದವರಿಗೆ ಹಸಿವೆಲ್ಲಿ? ಆ ಹುಡುಗಿ ಮೊದಲ ದಿನ ಎರಡು ಸಲ ಹಾಕಿಸಿಕೊಂಡು ಉಂಡಳು. ಬಡಿಸುತ್ತಿದ್ದ ಅಕ್ಕನವರೊಬ್ಬರು ಅದನ್ನು ಹೇಳುತ್ತ ಕಣ್ಣೊರೆಸಿಕೊಂಡರು. ದಾಸೋಹ ಎಂಬ ಪದ ನಮ್ಮ ಪ್ರತಿ ಕರಪತ್ರದಲ್ಲೂ ಇರುತ್ತದೆ. ಹಸಿದವರು ಇರುವಲ್ಲಿಗೆ ಅದು ಹೋಗುತ್ತಿದೆಯೇ ಎಂದು ಕೇಳುವವರು ಕಡಿಮೆ.

ಮುಕ್ತಾಯದ ಲೆಕ್ಕದಲ್ಲಿ 93,000 ರೂಪಾಯಿ ಬಂದದ್ದು, ಅದರಲ್ಲಿ 11,000 ಉಳಿದದ್ದು ಗೊತ್ತಾಯಿತು. ವೇದಿಕೆ, ಶಾಮಿಯಾನ, ಧ್ವನಿವರ್ಧಕ, ಫ್ಲೆಕ್ಸ್, ಶಾಲುಗಳಿಗೆ ಹೋದ ಹಣ ಊಟಕ್ಕೆ ಹೋದದ್ದಕ್ಕಿಂತ ಹೆಚ್ಚು. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಠೇವಣಿ ಇಡೋಣವೆಂದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಏನು ಮಾಡಿದಳೆಂದು ನಮ್ಮ ಶಿಬಿರದ ಮಕ್ಕಳಿಗೆ ಕಥೆ ಹೇಳಿ ಬಹುಮಾನ ಕೊಟ್ಟಿದ್ದೆವು. ಹೆಚ್ಚಾದದ್ದನ್ನು ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬಾ ಎಂದಳು ಆ ತಾಯಿ. ಸಭೆಯಲ್ಲಿ ಈ ಕಥೆ ನೆನಪಿಸಿದಾಗ ಒಬ್ಬರು ನಕ್ಕು, "ಅದು ಕಥೆ ಸರ್, ಇದು ಆಡಿಟ್" ಎಂದರು. ಕೋಪ ಬಂತು; ಅವರ ಮಾತಿನಲ್ಲಿ ತಪ್ಪೇನಿದೆ ಎಂದು ಹೇಳಲು ಮಾತ್ರ ಆಗಲಿಲ್ಲ. ನಾವು ವಚನಗಳನ್ನು ಕಥೆಯಂತೆಯೇ ಕಲಿಸಿದ್ದೆವು. ಕಂಠಪಾಠದಲ್ಲಿ ಐವತ್ತು ವಚನ ಹೇಳಿದ ಮಗುವಿಗೆ ನುಲಿಯ ಚಂದಯ್ಯ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದರೆ ಗೊತ್ತಿರಲಿಲ್ಲ. ಹಗ್ಗ ಹೊಸೆಯುವುದು ಹೇಗೆಂದು ತೋರಿಸಬಲ್ಲ ಮನುಷ್ಯ ಗೇಟಿನ ಆಚೆ ಸೆಂಟ್ರಿಂಗ್ ಕಟ್ಟುತ್ತಿದ್ದ.

ಶಿಬಿರಗಳೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಸಾಣೇಹಳ್ಳಿಯಲ್ಲಿ ಪೂಜ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಶ್ರಯದಲ್ಲಿ ಹಳ್ಳಿಯ ಮಕ್ಕಳು ರಂಗದ ಮೇಲೆ ನಿಂತು ಮಾತಾಡುವುದನ್ನು ನೋಡಿದವರಿಗೆ, ಮೈಸೂರಿನ ರಂಗಾಯಣದ ಚಿನ್ನರ ಮೇಳದಲ್ಲಿ ಮಕ್ಕಳ ಕಣ್ಣು ಹೊಳೆಯುವುದನ್ನು ಕಂಡವರಿಗೆ ಬೇಸಿಗೆಯ ಆ ದಿನಗಳ ಬೆಲೆ ಗೊತ್ತು. ಆಟ, ಹಾಡು, ನಾಟಕ ಬಡ ಮಕ್ಕಳಿಗೂ ಬೇಕು; ಅವರಿಗೆ ಪಾಠ, ನಮ್ಮ ಮಕ್ಕಳಿಗೆ ನಾಟಕ ಎಂದು ಪಾಲು ಮಾಡುವುದು ಇನ್ನೊಂದು ಬಗೆಯ ಭೇದ. ನನ್ನ ತಕರಾರು ಇಷ್ಟೆ: ಹತ್ತು ದಿನಕ್ಕೆ ಮುಗಿಸಬೇಡಿ, ಹನ್ನೆರಡು ವರ್ಷಕ್ಕೆ ನಿಲ್ಲಿಸಬೇಡಿ, ಗೇಟಿನಲ್ಲಿ ದುಡ್ಡು ಕೇಳಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ತುರ್ತಿನದು. ಬಸವ ಜಯಂತಿ ಬರುವುದು ಅಕ್ಷಯ ತೃತೀಯದಂದು. ಆ ದಿನಕ್ಕೆ ಮುಹೂರ್ತ ನೋಡಬೇಕಾಗಿಲ್ಲ ಎಂಬ ನಂಬಿಕೆಯಿಂದ ಹಳ್ಳಿಗಳಲ್ಲಿ ಮದುವೆಗಳು ಸಾಲಾಗಿ ನಡೆಯುತ್ತವೆ, ಅವುಗಳ ನಡುವೆ ಹದಿನೆಂಟು ತುಂಬದ ಹುಡುಗಿಯರ ಮದುವೆಗಳೂ ನುಸುಳುತ್ತವೆ. ಮುಹೂರ್ತವನ್ನೇ ಒಪ್ಪದ ಬಸವಣ್ಣನವರ ಜಯಂತಿಯ ದಿನವೇ ಹೀಗೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದು. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಮಾಡಿದೆ. ಕಾಗದದ ಮೇಲೆ ಅಸಿಂಧು. ನಮ್ಮ ಶೆಡ್ಡುಗಳಿಂದ ಹತ್ತನೆಯ ತರಗತಿ ನಪಾಸಾದ ಹುಡುಗಿಯೊಬ್ಬಳನ್ನು ಮೇ ತಿಂಗಳಲ್ಲಿ ಊರಿಗೆ ಕರೆದೊಯ್ದರು. ಅವಳು ವಾಪಸು ಬರಲಿಲ್ಲ. ನಾವು ಯಾರೂ ಕೇಳಲಿಲ್ಲ. ಮಠಗಳಲ್ಲಿ ಸಾಮೂಹಿಕ ವಿವಾಹ ನಡೆಸುವ ಪೂಜ್ಯರಲ್ಲಿ ನನ್ನದೊಂದು ಪ್ರಾರ್ಥನೆ: ವಯಸ್ಸಿನ ದಾಖಲೆಯನ್ನು ಶಾಲೆಯ ಪ್ರಮಾಣಪತ್ರದಲ್ಲೇ ನೋಡಿ. ಯಾರೋ ತಂದುಕೊಟ್ಟ ಕಾಗದವನ್ನು ನಂಬಬೇಡಿ.

ಇನ್ನೊಂದು ಮಾತು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. ಮಕ್ಕಳನ್ನು ನಂಬಿ ಒಪ್ಪಿಸಿದ ಜಾಗಗಳ ಬಗ್ಗೆ ಈಚಿನ ವರ್ಷಗಳಲ್ಲಿ ನಾಡು ಕೇಳಬಾರದ ಮಾತುಗಳನ್ನು ಕೇಳಿದೆ. ಶಿಬಿರ ಮಾಡುವವರು ಯಾರೇ ಆಗಲಿ, ಕಾವಿ ಉಟ್ಟವರಾಗಲಿ ಪ್ಯಾಂಟು ತೊಟ್ಟವರಾಗಲಿ, ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಹೆತ್ತವರು ಯಾವ ಹೊತ್ತಿನಲ್ಲಾದರೂ ಹೇಳದೆ ಕೇಳದೆ ಒಳಗೆ ಬರುವಂತಿರಬೇಕು. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಬರೆದಿರಬೇಕು. ನಮ್ಮನ್ನು ನಂಬುವುದಿಲ್ಲವೇ ಎಂದು ಯಾರಾದರೂ ನೊಂದುಕೊಂಡರೆ, ನೊಂದುಕೊಳ್ಳಲಿ.

ಹಾಗಾದರೆ ಮೇ 2ರ ಸಂಜೆ ನಾನು ಏನು ಮಾಡಿದೆ ಎಂದು ಕೇಳುವಿರಿ. ಮೊದಲು ಆ ಹುಡುಗನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದೆವು. ಎರಡನೆಯ ಪರೀಕ್ಷೆಗೆ ಹೆಸರು ನೋಂದಾಯಿಸುವುದು ಶಾಲೆಯ ಮೂಲಕವೇ. ಹುಡುಗ ಬೆಂಗಳೂರಿನಲ್ಲಿ, ಶಾಲೆ ಸುರಪುರದಲ್ಲಿ. ಪುಣ್ಯಕ್ಕೆ ಅವರು ಒಳ್ಳೆಯವರು, "ನಾ ಎಲ್ಲಾ ಮಾಡ್ತೀನಿ, ಪರೀಕ್ಷೆಕ್ಕ ಹುಡುಗನ್ನ ಕಳಸ್ರಿ ಸಾಕು" ಎಂದರು. ನಿವೃತ್ತ ಗಣಿತ ಶಿಕ್ಷಕರೊಬ್ಬರು ಜೆ.ಪಿ. ನಗರದಿಂದ ದಿನಾ ಸಂಜೆ ಬರಲು ಒಪ್ಪಿದರು. ಸಭಾಂಗಣದ ಬೀಗ ತೆಗೆಸಲು ಮೂರು ದಿನ ಹಿಡಿಯಿತು. ಅದರ ವಿವರ ಇಲ್ಲಿ ಬೇಡ. ಒಬ್ಬ ಹುಡುಗನಿಗಾಗಿ ಶುರುವಾದದ್ದಕ್ಕೆ ವಾರದೊಳಗೆ ಒಂಬತ್ತು ಮಂದಿ ಸೇರಿದರು. ಅವರಲ್ಲಿ ಇಬ್ಬರು ಅಪಾರ್ಟ್‌ಮೆಂಟಿನ ಮಕ್ಕಳು. ನಪಾಸಾದದ್ದನ್ನು ನೆಂಟರಿಗೆ ಹೇಳಲಾಗದೆ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದವರು. ಸೋತವರು ನಮ್ಮ ಕಡೆ ಇಲ್ಲವೆಂದು ತಿಳಿದಿದ್ದ ನಮ್ಮ ಬಳಗಕ್ಕೆ ಅದೊಂದು ಪಾಠವಾಯಿತು.

ಕೂಲಿ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಹುಡುಗನ ಅಪ್ಪ ಒರಟರಲ್ಲ. "ಮೂರು ವಾರ ಕೂತರ ಹನ್ನೆರಡು ಸಾವಿರ ಹೋಗ್ತದ್ರಿ. ಪಾಸಾದ್ರ ಏನ್ ಮಾಡ್ತಾನ್ರಿ?" ಎಂದು ನೇರವಾಗಿ ಕೇಳಿದರು. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಠೇವಣಿ ಇಡಬೇಕೆಂದಿದ್ದ 11,000 ಇತ್ತು. ಲಕ್ಕಮ್ಮನ ಹೆಸರು ಹೇಳಿ ಅದನ್ನು ತೆಗೆದೆವು. ಆ ಮನೆಗೂ ಇನ್ನೆರಡು ಮನೆಗಳಿಗೂ ಮೂರು ವಾರದ ರೇಷನ್ನು ಹಾಕಿಸಿದೆವು. ಆಡಿಟ್ ಎಂದವರೇ ಅಂಗಡಿಗೆ ಹೋಗಿ ಜೋಳದ ಹಿಟ್ಟು, ಬೇಳೆ, ಎಣ್ಣೆ ತಂದುಕೊಟ್ಟರು ಎಂಬುದನ್ನೂ ಹೇಳಲೇಬೇಕು.

"ಪಾಸಾದ್ರ ಏನ್ ಮಾಡ್ತಾನ್ರಿ" ಎಂಬ ಆ ಪ್ರಶ್ನೆಗೆ ಉತ್ತರ ಹುಡುಕಲು ಮುಂದಿನ ತಿಂಗಳುಗಳಲ್ಲಿ ಸಾಕಷ್ಟು ಅಲೆದೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಸರ್ಕಾರಿ ಐಟಿಐಗಳಿವೆ, ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಜಿಟಿಟಿಸಿ ಇದೆ. ಅಲ್ಲಿ ಉಪಕರಣ ತಯಾರಿಕೆಯಂಥ ಡಿಪ್ಲೊಮಾ ಮಾಡಿದವರನ್ನು ಕಾರ್ಖಾನೆಯವರು ಹುಡುಕಿಕೊಂಡು ಬರುತ್ತಾರೆ. ಹದಿನೆಂಟು ದಾಟಿದವರಿಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ನಮ್ಮ ನೆಲಮಂಗಲದ ಅರಿಶಿನಕುಂಟೆಯಲ್ಲೂ ಕೇಂದ್ರ ನಡೆಸುತ್ತಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿ ನಿಲಯಗಳಿವೆ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನ ಕೊಡುತ್ತದೆ. ಆದರೆ ನೋಂದಣಿಗೆ ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ ದೃಢೀಕರಣ ಬೇಕು. ನಮ್ಮ ಶೆಡ್ಡುಗಳಲ್ಲಿ ಹದಿನಾಲ್ಕು ಕುಟುಂಬ. ನೋಂದಣಿ ಇದ್ದದ್ದು ಮೂರಕ್ಕೆ. ಮೇಸ್ತ್ರಿ ಸಹಿ ಹಾಕಲು ಹೆದರುತ್ತಾನೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಊರಿನ ನಾಡಕಚೇರಿ, ಪಡಿತರ ಚೀಟಿ ಊರಿನದು, ಆಧಾರ್‌ನಲ್ಲಿ ಹೆಸರಿನ ಒಂದು ಅಕ್ಷರ ತಪ್ಪು. ಯುವನಿಧಿ 2024ರ ಜನವರಿಯಲ್ಲಿ ಬಂತು, ಒಳ್ಳೆಯದೇ. ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500. ಹತ್ತರಲ್ಲೇ ಮುಗ್ಗರಿಸಿದವನ ಹೆಸರು ಅದರಲ್ಲಿಲ್ಲ.

ಇದರಲ್ಲಿ ಯಾವುದೂ ಗುಟ್ಟಿನ ಮಾತಲ್ಲ. ನಮ್ಮ ಮನೆಯ ಮಗುವಾದರೆ ಒಂದು ಸಂಜೆ ಕೂತು ಮೊಬೈಲಿನಲ್ಲಿ ಹುಡುಕಿ, ಅರ್ಜಿ ತುಂಬಿ, ಗೊತ್ತಿದ್ದವರಿಗೆ ಎರಡು ಫೋನು ಮಾಡಿ ಮುಗಿಸುತ್ತೇವೆ. ಆ ಒಂದು ಸಂಜೆಯನ್ನು ಪಕ್ಕದ ಶೆಡ್ಡಿನವರಿಗೂ ಕೊಡಬೇಕಾಗಿದೆ, ವಾರಕ್ಕೊಮ್ಮೆ. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಜೀವನ ಕಳೆದ ನಿವೃತ್ತರು ನಮ್ಮ ಬನಶಂಕರಿ, ಜಯನಗರ, ಪದ್ಮನಾಭನಗರಗಳಲ್ಲಿ ಎಷ್ಟು ಜನ ಇಲ್ಲ! ಅರ್ಜಿ ತುಂಬುವುದು ಅವರ ಜೀವಮಾನದ ವಿದ್ಯೆ. ಬೆಳಗಿನ ಉದ್ಯಾನದ ನಡಿಗೆ ಮುಗಿಸಿ ಹತ್ತು ಗಂಟೆಗೆ ಬಂದು ಕೂತರೆ ಅದಕ್ಕಿಂತ ದೊಡ್ಡ ಕಾಯಕ ನನಗೆ ಕಾಣುವುದಿಲ್ಲ.

ಆ ಹುಡುಗ ಮೇ 24ಕ್ಕೆ ಊರಿನ ಬಸ್ಸು ಹತ್ತಿದ. ಗಣಿತ ಪಾಸಾಯಿತು. ಇಂಗ್ಲಿಷ್ ಉಳಿಯಿತು, ಐದು ಅಂಕಕ್ಕೆ. ಮೂರನೆಯ ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ. ಆಗ ತಾಯಿಗೆ ಹುಷಾರಿರಲಿಲ್ಲ. ಈಗ ತಲಘಟ್ಟಪುರದ ಕಡೆ ಒಂದು ಕಟ್ಟಡದಲ್ಲಿ ಟೈಲ್ಸ್ ಕೆಲಸದಲ್ಲಿದ್ದಾನೆ. ಹೊರುವುದಲ್ಲ, ಈಗ ಕೂಡಿಸುತ್ತಾನೆ. ಒಂದು ಸಾಲಿನಲ್ಲಿ ನೂಲು ಹಿಡಿದಂತೆ ಕೂಡಿಸುತ್ತಾನೆ ಎಂದು ಅವನ ಮೇಸ್ತ್ರಿ ಹೊಗಳುತ್ತಾನೆ. ಸಂಕ್ರಾಂತಿಯ ಹೊತ್ತಿಗೆ ಮನೆಗೆ ಬಂದಿದ್ದ. ಇಂಗ್ಲಿಷ್ ಪುಸ್ತಕ ಎಲ್ಲಿದೆ ಎಂದು ಕೇಳಿದೆ. "ಅದರೀ, ಟ್ರಂಕಿನ್ಯಾಗ" ಎಂದ. ತಂಗಿ ಈಗ ಇಲ್ಲೇ ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿ. ಈ ಸಲ ಶಿಬಿರ ಯಾವಾಗ ಎಂದು ಎರಡು ಬಾರಿ ಕೇಳಿಸಿ ಕಳಿಸಿದ್ದಾಳೆ.

ಈ ಸಲದ ಅರ್ಜಿ ನಮೂನೆಯಲ್ಲಿ ನಾಲ್ಕೇ ಕಲಂ: ಹೆಸರು, ವಯಸ್ಸು, ಹೆತ್ತವರ ಫೋನು, ಏನು ಕಲಿಯಬೇಕು. ಶುಲ್ಕವಿಲ್ಲ, ಕೊಡಬಲ್ಲವರು ದಾಸೋಹದ ಹುಂಡಿಗೆ ಹಾಕಬಹುದು. ಶಾಲು, ಹಾರ, ಫ್ಲೆಕ್ಸ್ ಇಲ್ಲ. ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಹಾಡು, ಆಟ, ನಾಟಕ. ಮಧ್ಯಾಹ್ನ ಎಲ್ಲರಿಗೂ ಪ್ರಸಾದ. ಸಂಜೆ ಆರರಿಂದ ಎಂಟರವರೆಗೆ, ಕೆಲಸ ಮುಗಿಸಿ ಬರುವವರಿಗೆ ಅನುಕೂಲವಾಗುವಂತೆ, ಹತ್ತನೆಯ ತರಗತಿಯ ಪಾಠ. ಭಾನುವಾರ ಅರ್ಜಿ, ಪ್ರಮಾಣಪತ್ರಗಳ ಕೆಲಸ. ಏಪ್ರಿಲ್ 11ರ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸುಬ್ರಹ್ಮಣ್ಯಪುರದ ಸಭಾಂಗಣದ ಬಾಗಿಲು ತೆರೆಯುತ್ತೇವೆ, ಮೇ 28ರವರೆಗೆ ಮುಚ್ಚುವುದಿಲ್ಲ. ಅಡುಗೆಗೆ ಅಕ್ಕಂದಿರು ಒಪ್ಪಿದ್ದಾರೆ. ಅಕ್ಕಿ ಇಪ್ಪತ್ತು ದಿನಕ್ಕೆ ಸಾಕು. ಇಂಗ್ಲಿಷ್ ಕಲಿಸುವವರು ಇನ್ನೂ ಇಬ್ಬರು ಬೇಕು.